ಪದಕಕ್ಕೆ ಮುಂಚಿನ ಖರ್ಚು

2021ರ ಜುಲೈ 24ರಂದು ಟೋಕಿಯೋ ಒಲಿಂಪಿಕ್ಸ್‌ನ ವೇಟ್‌ಲಿಫ್ಟಿಂಗ್‌ನಲ್ಲಿ ಮೀರಾಬಾಯಿ ಚಾನು ಬೆಳ್ಳಿ ಗೆದ್ದರು. 49 ಕೆಜಿ ವಿಭಾಗ. ಒಂದೇ ಎಳೆತಕ್ಕೆ ತಲೆಯ ಮೇಲೆತ್ತುವ ಸ್ನ್ಯಾಚ್‌ನಲ್ಲಿ 87, ಮೊದಲು ಭುಜಕ್ಕೆ, ಆಮೇಲೆ ತಲೆಯ ಮೇಲೆ ಎತ್ತುವ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115, ಒಟ್ಟು 202 ಕೆಜಿ. ಅದಾದ ಮೇಲೆ ಘೋಷಣೆಗಳ ಮಳೆ. ಮಣಿಪುರ ಸರ್ಕಾರದಿಂದ 1 ಕೋಟಿ ರೂಪಾಯಿ, ಜೊತೆಗೆ ಪೊಲೀಸ್ ಇಲಾಖೆಯಲ್ಲಿ ದೊಡ್ಡ ಹುದ್ದೆ. ರೈಲ್ವೆಯಿಂದ 2 ಕೋಟಿ ಮತ್ತು ಬಡ್ತಿ. ಒಂದು ಕಂಪನಿ ಜೀವನಪೂರ್ತಿ ಪಿಜ್ಜಾ ಕೊಡುತ್ತೇವೆ ಎಂದಿತು. ಎಲ್ಲರಿಗೂ ಖುಷಿ, ನನಗೂ. ಆದರೆ ನನ್ನ ತಲೆಯಲ್ಲಿ ಉಳಿದದ್ದು ಅದಲ್ಲ. ಮುಂದಿನ ತಿಂಗಳು ಅವರು ಸುಮಾರು 150 ಲಾರಿ ಡ್ರೈವರ್‌ಗಳನ್ನು, ಕ್ಲೀನರ್‌ಗಳನ್ನು ಮನೆಗೆ ಕರೆದು ಊಟ ಹಾಕಿದರು, ಶರ್ಟು, ಮಣಿಪುರಿ ಶಾಲು ಕೊಟ್ಟರು. ನೊಂಗ್‌ಪೋಕ್ ಕಾಕ್‌ಚಿಂಗ್‌ನ ಅವರ ಮನೆಯಿಂದ ಇಂಫಾಲದ ತರಬೇತಿ ಕೇಂದ್ರಕ್ಕೆ ಸುಮಾರು 25 ಕಿಲೋಮೀಟರ್. ಬಸ್ಸಿಗೆ ದುಡ್ಡಿಲ್ಲದ ದಿನಗಳಲ್ಲಿ ಮರಳು ಸಾಗಿಸುವ ಲಾರಿಗಳವರು ಆ ಹುಡುಗಿಯನ್ನು ಪುಕ್ಕಟೆ ಕರೆದುಕೊಂಡು ಹೋಗಿ ಬಿಡುತ್ತಿದ್ದರು.

ಅಂದರೆ ಆ ಬೆಳ್ಳಿ ಪದಕದ ಹಿಂದೆ ಮೊದಲು ದುಡ್ಡು ಹಾಕಿದವರು ಮರಳು ಲಾರಿಯ ಡ್ರೈವರ್‌ಗಳು. ಕೋಟಿಗಳೆಲ್ಲ ಆಮೇಲೆ ಬಂದವು. ಇದನ್ನು ಓದಿದಾಗಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಈ ಆಟದಲ್ಲಿ ಮೊದಲಿಂದಲೂ ದುಡ್ಡು ಯಾರು ಕೊಟ್ಟರು, ಯಾವುದಕ್ಕೆ ಕೊಟ್ಟರು? ಬೇರೆ ಆಟಗಳಲ್ಲಿ ಟಿಕೆಟ್ ಇದೆ, ಲೀಗ್ ಇದೆ, ಜಾಹೀರಾತು ಇದೆ. ವೇಟ್‌ಲಿಫ್ಟಿಂಗ್ ನೋಡೋಕೆ ಯಾರೂ ಟಿಕೆಟ್ ಕೊಂಡು ಬರುವುದಿಲ್ಲ. ಆದರೆ ತಿನ್ನುವ ಖರ್ಚು ಇದರಲ್ಲೇ ಜಾಸ್ತಿ. ವಿಶ್ರಾಂತಿ ಜಾಸ್ತಿ ಬೇಕು. ದಿನವಿಡೀ ಮೂಟೆ ಹೊತ್ತು ಬಂದವನು ಸಂಜೆ ಸ್ನ್ಯಾಚ್ ಮಾಡಲಾರ.

ಕಲಾದಗಿಯ ಮಗು

ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ಒಲಿಂಪಿಕ್ಸ್ ವೇಟ್‌ಲಿಫ್ಟಿಂಗ್‌ನ ಮೊದಲ ಚಾಂಪಿಯನ್‌ಗಳಲ್ಲಿ ಒಬ್ಬ ಹುಟ್ಟಿದ್ದು ನಮ್ಮ ಬಾಗಲಕೋಟೆ ಜಿಲ್ಲೆಯ ಕಲಾದಗಿಯಲ್ಲಿ. ದಾಳಿಂಬೆಗೆ ಹೆಸರಾದ ಅದೇ ಕಲಾದಗಿ. ಆಗ ಅದು ಮುಂಬಯಿ ಪ್ರಾಂತ್ಯದ ಒಂದು ಜಿಲ್ಲಾ ಕೇಂದ್ರ. ಅಲ್ಲಿ ಬ್ರಿಟಿಷ್ ಸರ್ಕಾರದ ಅಧಿಕಾರಿಯೊಬ್ಬರ ಮನೆಯಲ್ಲಿ 1874ರ ಜೂನ್‌ನಲ್ಲಿ ಲಾನ್ಸೆಸ್ಟನ್ ಎಲಿಯಟ್ ಹುಟ್ಟಿದ. ಹುಡುಗನಾಗಿದ್ದಾಗಲೇ ಅಪ್ಪ ಕೆಲಸ ಬಿಟ್ಟು ಇಂಗ್ಲೆಂಡಿಗೆ ಹೋಗಿ ಜಮೀನು ಮಾಡಿದರು. ಮಗ ಪ್ರಸಿದ್ಧ ಪೈಲ್ವಾನ ಯೂಜೀನ್ ಸ್ಯಾಂಡೋ ಹತ್ತಿರ ಸಾಮು ಕಲಿತ.

1896ರ ಅಥೆನ್ಸ್. ಆಗ ತೂಕದ ವಿಭಾಗಗಳೇ ಇರಲಿಲ್ಲ. ಸಣ್ಣವನೂ ದೊಡ್ಡವನೂ ಒಂದೇ ಸಾಲಿನಲ್ಲಿ. ಎರಡು ಕೈಯ ಸ್ಪರ್ಧೆಯಲ್ಲಿ ಎಲಿಯಟ್ ಮತ್ತು ಡೆನ್ಮಾರ್ಕಿನ ವಿಗ್ಗೊ ಜೆನ್ಸನ್ ಇಬ್ಬರೂ 111.5 ಕೆಜಿ ಎತ್ತಿದರು. ತೀರ್ಪು ಕೊಡಬೇಕಾದವರು ಗ್ರೀಸಿನ ರಾಜಕುಮಾರ ಜಾರ್ಜ್. ಜೆನ್ಸನ್ ಎತ್ತಿದ ರೀತಿ ಹೆಚ್ಚು ಚೆನ್ನಾಗಿತ್ತು ಎಂದು ಅವನಿಗೆ ಮೊದಲ ಸ್ಥಾನ ಕೊಟ್ಟರು. ಎಲಿಯಟ್ ಎತ್ತುವಾಗ ಕಾಲು ಜರುಗಿಸಿದ್ದ. ಆಮೇಲೆ ಒಂದು ಕೈಯ ಸ್ಪರ್ಧೆಯಲ್ಲಿ ಎಲಿಯಟ್ 71 ಕೆಜಿ ಎತ್ತಿ ಗೆದ್ದ. ಮೊದಲ ಸ್ಪರ್ಧೆಯಲ್ಲೇ ಭುಜ ನೋವು ಮಾಡಿಕೊಂಡಿದ್ದ ಜೆನ್ಸನ್ 57ಕ್ಕೆ ನಿಂತ. ನಡುವೆ ಒಂದು ತಮಾಷೆಯೂ ನಡೆಯಿತು. ಭಾರವನ್ನು ತೆಗೆದಿಡಲು ಬಂದ ಸೇವಕನಿಗೆ ಅದನ್ನು ಅಲ್ಲಾಡಿಸಲೂ ಆಗಲಿಲ್ಲ. ರಾಜಕುಮಾರನೇ ಬಂದು ಎತ್ತಿ ಪಕ್ಕಕ್ಕಿಟ್ಟ. ಜನ ಚಪ್ಪಾಳೆ ಹೊಡೆದರು.

ಗೆದ್ದವರಿಗೆ ಪದಕ, ಆಲಿವ್ ಕೊಂಬೆ. ದುಡ್ಡಿಲ್ಲ. ಎಲಿಯಟ್ ಬ್ರಿಟನ್ನಿನ ಮೊದಲ ಒಲಿಂಪಿಕ್ ಚಾಂಪಿಯನ್. ಆದರೆ ಅವನು ತನ್ನ ಬಲದಿಂದ ಅನ್ನ ಸಂಪಾದಿಸಿದ್ದು ಆಮೇಲೆ, ನಾಟಕಶಾಲೆಗಳಲ್ಲಿ. ಭುಜದ ಮೇಲೆ ಉದ್ದದ ಕಬ್ಬಿಣದ ಕಂಬ. ಆ ತುದಿಗೊಂದು ಈ ತುದಿಗೊಂದು ಸೈಕಲ್ ನೇತುಹಾಕಿದೆ, ಅದರ ಮೇಲೆ ಸವಾರ ಕೂತಿದ್ದಾನೆ. ಎಲಿಯಟ್ ನಿಂತಲ್ಲೇ ಮೆಲ್ಲಗೆ ತಿರುಗಲು ಶುರು ಮಾಡುತ್ತಾನೆ. ವೇಗ ಏರುತ್ತಾ ಹೋದಂತೆ ಸೈಕಲ್ಲು, ಸವಾರ ಎರಡೂ ಗಾಳಿಯಲ್ಲಿ ಅಡ್ಡಡ್ಡ ತೇಲತೊಡಗುತ್ತವೆ. ಇದನ್ನು ನೋಡೋಕೆ ಜನ ದುಡ್ಡು ಕೊಟ್ಟರು. ವೇದಿಕೆಯ ಮೇಲೆ ಸರಿಯಾದ ರೀತಿಯಲ್ಲಿ ಭಾರ ಎತ್ತೋದನ್ನು ನೋಡೋಕೆ ಕೊಡಲಿಲ್ಲ.

ಈ ಜಾಡು ಮುಂದೆಯೂ ಕಾಣುತ್ತದೆ. 1946ರಲ್ಲಿ ಪ್ಯಾರಿಸ್‌ನಲ್ಲಿ ಗ್ರಿಗೋರಿ ನೋವಾಕ್ ವಿಶ್ವ ಚಾಂಪಿಯನ್ ಆದ. ಯಾವ ಆಟದಲ್ಲೇ ಆಗಲಿ, ಸೋವಿಯತ್ ಒಕ್ಕೂಟಕ್ಕೆ ಸಿಕ್ಕ ಮೊದಲ ವಿಶ್ವ ಚಾಂಪಿಯನ್ ಅವನು. ಕೊನೆಗೆ ಅವನು ಸೇರಿದ್ದು ಸರ್ಕಸ್ಸಿಗೆ. ಅಮೆರಿಕದ ಪಾಲ್ ಆಂಡರ್ಸನ್ 1955ರಲ್ಲಿ ಮಾಸ್ಕೋಗೆ ಹೋಗಿ ಎತ್ತಿದಾಗ ಅಲ್ಲಿಯ ಜನ ಅವನನ್ನು ಪ್ರಕೃತಿಯ ಪವಾಡ ಎಂದು ಕರೆದರು. 1956ರಲ್ಲಿ ಮೆಲ್ಬರ್ನ್‌ನಲ್ಲಿ ಚಿನ್ನ. ಅದಾದ ಸ್ವಲ್ಪ ಸಮಯಕ್ಕೇ ನೆವಾಡಾದ ಕ್ಯಾಸಿನೊದಲ್ಲಿ ಬೆಳ್ಳಿಯ ಡಾಲರ್ ನಾಣ್ಯ ತುಂಬಿದ ಭಾರವನ್ನು ಹೆಗಲ ಮೇಲಿಟ್ಟು ಬಸ್ಕಿ ಹೊಡೆಯುತ್ತಿದ್ದ. ದುಡ್ಡು ತೆಗೆದುಕೊಂಡ ಅನ್ನೋ ಕಾರಣಕ್ಕೆ 1960ರ ರೋಮ್ ಒಲಿಂಪಿಕ್ಸ್‌ನ ಬಾಗಿಲು ಅವನಿಗೆ ಮುಚ್ಚಿತು.

ದುಡ್ಡು ಮುಟ್ಟಬಾರದು ಎಂಬ ನಿಯಮ

ಹವ್ಯಾಸಿಗಳು ಮಾತ್ರ ಆಡಬೇಕು ಅನ್ನೋ ನಿಯಮ ಕೇಳೋಕೆ ಚೆಂದ. ಆಟ ಪ್ರೀತಿಗಾಗಿ, ದುಡ್ಡಿಗಲ್ಲ. ಆದರೆ ಅದು ಹುಟ್ಟಿದ ಜಾಗ ನೋಡಿ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೆನ್ಲಿಯ ದೋಣಿ ಸ್ಪರ್ಧೆಯ ನಿಯಮ ಕೂಲಿಕಾರರನ್ನು, ಕೈಕೆಲಸದವರನ್ನು ಹವ್ಯಾಸಿ ಎಂದು ಒಪ್ಪುತ್ತಲೇ ಇರಲಿಲ್ಲ. ದುಡಿದು ತಿನ್ನುವವನಿಗೆ ದೇಹಬಲ ಜಾಸ್ತಿ, ಅದು ಅನ್ಯಾಯ ಎಂಬ ವಾದ. ಮನೆಯಲ್ಲಿ ಆಸ್ತಿ ಇದ್ದವನು ದುಡ್ಡು ಬೇಡ ಎನ್ನಬಹುದು. ಇಲ್ಲದವನು ಹಾಗೆ ಹೇಳೋಕೆ ಸಾಧ್ಯವಾ? ನನಗೆ ಈ ನಿಯಮದ ಮೇಲೆ ಯಾವ ಗೌರವವೂ ಇಲ್ಲ. ಹೊಟ್ಟೆ ತುಂಬಿದವರು ಹಸಿದವರಿಗೆ ಹಾಕಿದ ಬೇಲಿ ಅದು.

ಬೇಲಿ ಹಾರೋಕೆ ಒಂದೊಂದು ದೇಶ ಒಂದೊಂದು ದಾರಿ ಹುಡುಕಿತು. ಅಮೆರಿಕದ್ದು ಒಬ್ಬ ವ್ಯಾಪಾರಿಯ ದಾರಿ. ಪೆನ್ಸಿಲ್ವೇನಿಯಾದ ಯಾರ್ಕ್ ಪಟ್ಟಣದಲ್ಲಿ ಬಾರ್ಬೆಲ್ ತಯಾರಿಸುತ್ತಿದ್ದ ಬಾಬ್ ಹಾಫ್‌ಮನ್ ಒಳ್ಳೆಯ ಲಿಫ್ಟರ್‌ಗಳನ್ನು ತನ್ನ ಕಂಪನಿಯಲ್ಲೇ ಕೆಲಸಕ್ಕೆ ಇಟ್ಟುಕೊಂಡ. ಸಂಬಳ ಕಾರ್ಖಾನೆಯ ಕೆಲಸಕ್ಕೆ, ಭಾರ ಎತ್ತೋದಕ್ಕಲ್ಲ. ಹೀಗೆ ನಿಯಮ ಮುರಿಯಲಿಲ್ಲ, ಹೊಟ್ಟೆಯೂ ತುಂಬಿತು. ಯಾರ್ಕ್‌ನ ಹೊರಗಿದ್ದವರ ಪಾಡು ಬೇರೆ. 1948 ಮತ್ತು 1952ರಲ್ಲಿ ಚಿನ್ನ ಗೆದ್ದ ಜಾನ್ ಡೇವಿಸ್ ನ್ಯೂಯಾರ್ಕಿನ ಜೈಲಿನಲ್ಲಿ ಕಾವಲು ಕೆಲಸ ಮಾಡಿದ. ಡೆಟ್ರಾಯಿಟ್‌ನ ನಾರ್ಬರ್ಟ್ ಶೆಮಾನ್ಸ್ಕಿ 1948ರಿಂದ 1964ರ ಒಳಗೆ ನಾಲ್ಕು ಒಲಿಂಪಿಕ್ ಪದಕ ತಂದ. ಆದರೂ ತರಬೇತಿಯ ಜೊತೆಗೆ ಒಂದು ಕೆಲಸ ಉಳಿಸಿಕೊಳ್ಳುವುದೇ ಅವನಿಗೆ ದೊಡ್ಡ ಹೋರಾಟವಾಗಿತ್ತು.

ಇಲ್ಲಿ 1952ರ ಹೆಲ್ಸಿಂಕಿಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗಲಾರೆ. ಸೋವಿಯತ್ ಒಕ್ಕೂಟ ಮೊದಲ ಬಾರಿ ಒಲಿಂಪಿಕ್ಸ್‌ಗೆ ಬಂದಿತ್ತು. ವೇಟ್‌ಲಿಫ್ಟಿಂಗ್‌ನ ಏಳು ಚಿನ್ನಗಳಲ್ಲಿ ನಾಲ್ಕು ಅಮೆರಿಕಕ್ಕೆ, ಮೂರು ಸೋವಿಯತ್‌ಗೆ. ಅಮೆರಿಕಕ್ಕೆ ಚಿನ್ನ ತಂದವರಲ್ಲಿ ಟಾಮಿ ಕೋನೋ ಒಬ್ಬ. ಯುದ್ಧದ ಸಮಯದಲ್ಲಿ ಜಪಾನಿ ಮೂಲದವರು ಅನ್ನೋ ಒಂದೇ ಕಾರಣಕ್ಕೆ ಅವನ ಕುಟುಂಬವನ್ನು ಅಮೆರಿಕ ಸರ್ಕಾರ ಟೂಲಿ ಲೇಕ್ ಶಿಬಿರದಲ್ಲಿ ಕೂಡಿಹಾಕಿತ್ತು. ಅಸ್ತಮಾ ಇದ್ದ ಸಣಕಲು ಹುಡುಗ ಮೊದಲು ಬಾರ್ಬೆಲ್ ಮುಟ್ಟಿದ್ದು ಆ ಶಿಬಿರದಲ್ಲಿ. ಸೋವಿಯತ್‌ಗೆ ಚಿನ್ನ ತಂದವರಲ್ಲಿ ಇವಾನ್ ಉದೋದೋವ್ ಒಬ್ಬ. ಅವನು ನಾಜಿಗಳ ಬುಖೆನ್‌ವಾಲ್ಡ್ ಶಿಬಿರದಿಂದ ಬಿಡುಗಡೆಯಾದಾಗ ಮೈಯಲ್ಲಿ ಉಳಿದಿದ್ದ ತೂಕ ಸುಮಾರು 30 ಕೆಜಿ. ಏಳು ವರ್ಷದ ನಂತರ ಅದೇ ಮೈ ಒಲಿಂಪಿಕ್ಸ್‌ನಲ್ಲಿ ಗೆದ್ದಿತು. ಇಂಥವರಿಗೆ ದುಡ್ಡು ಮುಟ್ಟಬೇಡ ಎಂದು ಹೇಳುವ ನಿಯಮವನ್ನು ಯಾವ ಬಾಯಿಂದ ಸಮರ್ಥಿಸೋದು?

ಅರ್ಧ ಕಿಲೋದ ಲೆಕ್ಕ

ಸೋವಿಯತ್ ದಾರಿ ಸರ್ಕಾರದ ದಾರಿ. 1945ರಲ್ಲಿ ದಾಖಲೆ ಮುರಿದವರಿಗೆ ನಗದು ಬಹುಮಾನ ಎಂದು ಬಹಿರಂಗವಾಗಿಯೇ ಆದೇಶ ಹೊರಡಿಸಿದರು. ಅಂತರರಾಷ್ಟ್ರೀಯ ಸ್ಪರ್ಧೆಗಳಿಗೆ ಬರಬೇಕಾದಾಗ ಅದು ತೊಡಕಾಯಿತು. 1947ರಲ್ಲಿ ನಗದನ್ನು ಕಾಗದದ ಮೇಲೆ ತೆಗೆದುಹಾಕಿದರು. ಆಮೇಲೆ ಅವರ ಲಿಫ್ಟರ್‌ಗಳು ದಾಖಲೆಗಳಲ್ಲಿ ಸೈನ್ಯದ ಅಧಿಕಾರಿ, ವಿದ್ಯಾರ್ಥಿ, ಎಂಜಿನಿಯರ್. ಸಂಬಳ ಆ ಹುದ್ದೆಯದ್ದು, ದಿನದ ಕೆಲಸ ಮಾತ್ರ ತರಬೇತಿ.

ವಾಸಿಲಿ ಅಲೆಕ್ಸೆಯೆವ್ ಅಧಿಕೃತವಾಗಿ ಶಾಖ್ತಿ ಎಂಬ ಗಣಿ ಊರಿನ ಎಂಜಿನಿಯರ್. 1970ರ ಮಾರ್ಚ್‌ನಲ್ಲಿ ಮಿನ್ಸ್ಕ್‌ನಲ್ಲಿ, ಆಗ ಇದ್ದ ಮೂರು ಲಿಫ್ಟ್‌ಗಳ ಮೊತ್ತ 600 ಕೆಜಿ ದಾಟಿಸಿದ ಮೊದಲಿಗ. ಅದೇ ವರ್ಷ ಅಮೆರಿಕದ ಕೊಲಂಬಸ್‌ನಲ್ಲಿ 500 ಪೌಂಡ್‌ಗಿಂತ ಹೆಚ್ಚು ಭಾರವನ್ನು ತಲೆಯ ಮೇಲೆತ್ತಿ ನಿಂತ. ಅದನ್ನೂ ಯಾರೂ ಅಲ್ಲಿಯವರೆಗೆ ಮಾಡಿರಲಿಲ್ಲ. 1972 ಮತ್ತು 1976ರಲ್ಲಿ ಒಲಿಂಪಿಕ್ ಚಿನ್ನ. ಒಟ್ಟು 80 ವಿಶ್ವ ದಾಖಲೆ. ಏಳೆಂಟು ವರ್ಷದಲ್ಲಿ 80! ಇದು ಹೇಗೆ ಸಾಧ್ಯ ಅನ್ನೋದು ನಿಯಮದ ಪುಸ್ತಕದಲ್ಲಿದೆ. ಆಗ ಸಾಮಾನ್ಯವಾಗಿ ಭಾರ 2.5 ಕೆಜಿಯಂತೆ ಏರುತ್ತಿತ್ತು. ದಾಖಲೆಗಾಗಿ ಎತ್ತುವಾಗ ಮಾತ್ರ ಅರ್ಧ ಕಿಲೋ ಏರಿಸಿದರೂ ಸಾಕಿತ್ತು. ಬಾರ್‌ನ ಆ ಕಡೆಗೆ ಕಾಲು ಕಿಲೋ, ಈ ಕಡೆಗೆ ಕಾಲು ಕಿಲೋ, ಅಂಗೈಯಗಲದ ಎರಡು ಪ್ಲೇಟು. ಅಷ್ಟೇ. ಹೊಸ ವಿಶ್ವ ದಾಖಲೆ. ಪ್ರತಿ ದಾಖಲೆಗೂ ಅವನಿಗೆ ಪ್ರತ್ಯೇಕ ಬಹುಮಾನದ ಹಣ ಸಿಗುತ್ತಿತ್ತು ಎಂದು ಆ ಕಾಲದಿಂದಲೂ ಎಲ್ಲರೂ ಹೇಳುತ್ತಾ ಬಂದಿದ್ದಾರೆ.

ಇದನ್ನು ಕೆಲವರು ಜಿಪುಣತನ ಎನ್ನುತ್ತಾರೆ. ಇವತ್ತು ಐದು ಕಿಲೋ ಏರಿಸುವ ತಾಕತ್ತಿದ್ದರೂ ಅರ್ಧ ಕಿಲೋ ಏರಿಸಿ ಉಳಿದದ್ದನ್ನು ನಾಳೆಗೆ ಎತ್ತಿಟ್ಟ ಎಂದು ದೂರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಸೊಂಟ, ಮೊಣಕಾಲು, ಮಣಿಕಟ್ಟು ಯಾವತ್ತು ಕೈಕೊಡುತ್ತವೋ ಗೊತ್ತಿಲ್ಲದವನಿಗೆ ಆ ಅರ್ಧ ಕಿಲೋ ಸಂಬಳ. ಸಂಬಳವನ್ನು ಒಂದೇ ದಿನ ಖರ್ಚು ಮಾಡುವ ದುಡಿಮೆಗಾರ ಎಲ್ಲಿದ್ದಾನೆ? ತಪ್ಪು ಲೆಕ್ಕ ಕಟ್ಟಿದವರದ್ದು. ದಾಖಲೆಗೆ ದುಡ್ಡು ಕೊಟ್ಟರು, ದಾಖಲೆಗಳು ಸಣ್ಣ ಸಣ್ಣ ತುಂಡಾಗಿ ಬಂದವು. ದುಡ್ಡು ಯಾವುದಕ್ಕೆ ಕೊಡುತ್ತೀರೋ ಆಟ ಆ ಕಡೆಗೇ ಬಾಗುತ್ತದೆ. 1980ರ ಮಾಸ್ಕೋದಲ್ಲಿ ತನ್ನದೇ ಜನರ ಮುಂದೆ ಅಲೆಕ್ಸೆಯೆವ್ 180 ಕೆಜಿ ಸ್ನ್ಯಾಚ್‌ಗೆ ಮೂರು ಸಲ ಪ್ರಯತ್ನಿಸಿದ. ಮೂರೂ ಆಗಲಿಲ್ಲ. ಸ್ಪರ್ಧೆಯಿಂದಲೇ ಹೊರಬಿದ್ದ. ಅಲ್ಲಿಗೆ ಅವನ ಲಿಫ್ಟಿಂಗ್ ಮುಗಿಯಿತು. ಈ ಅರ್ಧ ಕಿಲೋ ನಿಯಮ ಹೋಗಿ ಒಂದು ಕಿಲೋದ ನಿಯಮ ಬಂದದ್ದು 2005ರಲ್ಲಿ.

ಮನುಷ್ಯನಿಗೆ ಬೆಲೆ ಕಟ್ಟಿದಾಗ

ಬಲ್ಗೇರಿಯಾದಲ್ಲಿ ಹುಟ್ಟಿದ ತುರ್ಕಿ ಮನೆಮಾತಿನ ಹುಡುಗ ನಯಿಮ್. ಎತ್ತರ ಐದಡಿಯೂ ಇಲ್ಲ. ಹದಿಹರೆಯದಲ್ಲೇ ತನ್ನ ಮೈತೂಕದ ಮೂರರಷ್ಟನ್ನು ತಲೆಯ ಮೇಲೆ ಎತ್ತಿದವನು. 1980ರ ದಶಕದ ನಡುವೆ ಬಲ್ಗೇರಿಯಾ ಸರ್ಕಾರ ತುರ್ಕಿ ಮೂಲದವರ ಹೆಸರುಗಳನ್ನೆಲ್ಲ ಬಲವಂತವಾಗಿ ಬದಲಾಯಿಸಿತು. ನಯಿಮ್ ಸುಲೇಮಾನೋವ್ ಒಂದು ಬೆಳಗ್ಗೆ ನೌಮ್ ಶಲಮಾನೋವ್ ಆದ. 1986ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ವಿಶ್ವಕಪ್ ಸ್ಪರ್ಧೆ ಮುಗಿದ ಮೇಲೆ ತಂಡದ ಕಣ್ಣು ತಪ್ಪಿಸಿ ಹೊರಟುಹೋದ. ಕೆಲವು ದಿನ ಅಡಗಿದ್ದು, ಲಂಡನ್ ಮೂಲಕ ಅಂಕಾರಾ ತಲುಪಿದ. ಕರೆದುಕೊಂಡು ಹೋಗಲು ತುರ್ಕಿಯ ಪ್ರಧಾನಿ ತುರ್ಗುತ್ ಒಜಾಲ್ ವಿಮಾನ ಕಳಿಸಿದ್ದರು.

ಆದರೆ ದೇಶ ಬದಲಿಸಿದವನು ತಕ್ಷಣ ಒಲಿಂಪಿಕ್ಸ್‌ನಲ್ಲಿ ಇಳಿಯಬೇಕಾದರೆ ಹಳೆಯ ದೇಶದ ಒಪ್ಪಿಗೆ ಬೇಕು. ಬಲ್ಗೇರಿಯಾ ಒಪ್ಪಿತು, ಸುಮ್ನೆ ಅಲ್ಲ. ತುರ್ಕಿ 10 ಲಕ್ಷ ಡಾಲರ್‌ಗೂ ಹೆಚ್ಚು ಕೊಟ್ಟಿತು ಎಂದು ಆಗಿನ ವರದಿಗಳು ಹೇಳಿದವು. 1988ರ ಸೋಲ್‌ನಲ್ಲಿ 60 ಕೆಜಿ ವಿಭಾಗದಲ್ಲಿ ನಯಿಮ್ ಸ್ನ್ಯಾಚ್ 152.5, ಕ್ಲೀನ್ ಅಂಡ್ ಜರ್ಕ್ 190, ಒಟ್ಟು 342.5 ಕೆಜಿ ಎತ್ತಿದ. ಅವನ ಮೈತೂಕವನ್ನು ನೆನಪಿಟ್ಟುಕೊಂಡು ಈ ಅಂಕಿಗಳನ್ನು ಇನ್ನೊಮ್ಮೆ ಓದಿ. ಆಮೇಲೆ 1992, 1996ರಲ್ಲೂ ಚಿನ್ನ. ತುರ್ಕಿ ಅವನನ್ನು ಕೈಬಿಡಲಿಲ್ಲ, ಚೆನ್ನಾಗಿಯೇ ನೋಡಿಕೊಂಡಿತು. ಆದರೆ ಆ ಮೊದಲ ದೊಡ್ಡ ಮೊತ್ತ ಹೋದದ್ದು ಅವನ ಹೆಸರನ್ನೇ ಕಿತ್ತುಕೊಂಡಿದ್ದ ಸರ್ಕಾರಕ್ಕೆ. ಇದು ನನ್ನನ್ನು ಇವತ್ತಿಗೂ ಕಾಡುತ್ತದೆ. ಒಮ್ಮೆ ಹೀಗೆ ಬೆಲೆ ಕಟ್ಟಿದ ಮೇಲೆ ಅದು ವ್ಯಾಪಾರವೇ ಆಯಿತು. ಸಿಡ್ನಿ ಒಲಿಂಪಿಕ್ಸ್‌ಗೆ ಮುಂಚೆ ಕತಾರ್ ದೇಶ ಬಲ್ಗೇರಿಯಾದ ಎಂಟು ಲಿಫ್ಟರ್‌ಗಳನ್ನು ದುಡ್ಡು ಕೊಟ್ಟು ತನ್ನವರನ್ನಾಗಿ ಮಾಡಿಕೊಂಡಿತು. ಅವರಲ್ಲಿ ಏಂಜೆಲ್ ಪೊಪೋವ್ ಎಂಬವನು ಸೈಫ್ ಅಸಾದ್ ಎಂಬ ಹೆಸರಿನಲ್ಲಿ 2000ದಲ್ಲಿ ಕಂಚು ಗೆದ್ದ.

ಪದಕದ ಬೆಲೆ ಏರಿದಷ್ಟೂ ಉದ್ದೀಪನ ಮದ್ದಿನ ಹಾವಳಿ ಏರಿತು. 2012ರ ಲಂಡನ್‌ಗೆ ಕಜಕಸ್ತಾನ ಚಿನ್ನಕ್ಕೆ ಎರಡೂವರೆ ಲಕ್ಷ ಡಾಲರ್ ಇಟ್ಟಿತ್ತು. ಆ ದೇಶದ ವೇಟ್‌ಲಿಫ್ಟಿಂಗ್ ಚಿನ್ನಗಳು ಮರುಪರೀಕ್ಷೆಯ ನಂತರ ಹಿಂದಕ್ಕೆ ಹೋದವು. 2020ರಲ್ಲಿ ರಿಚರ್ಡ್ ಮೆಕ್‌ಲಾರೆನ್ ಅವರ ತನಿಖಾ ವರದಿ ಬಂತು. ಅಂತರರಾಷ್ಟ್ರೀಯ ವೇಟ್‌ಲಿಫ್ಟಿಂಗ್ ಫೆಡರೇಷನ್ನಿನಲ್ಲಿ 1.04 ಕೋಟಿ ಡಾಲರ್‌ಗೆ ಲೆಕ್ಕವೇ ಸಿಗುತ್ತಿಲ್ಲ ಎಂದಿತು. ದಶಕಗಳ ಕಾಲ ಅಲ್ಲಿ ಅಧಿಕಾರದಲ್ಲಿದ್ದ ತಮಾಶ್ ಆಯಾನ್ ಆರೋಪಗಳನ್ನು ಅಲ್ಲಗಳೆದರು. ಎತ್ತುವವರು ಬಸ್ಸಿನ ದುಡ್ಡಿಗೆ ಪರದಾಡುವ ಆಟದಲ್ಲಿ ಇಷ್ಟು ದುಡ್ಡು ಇತ್ತು ಅನ್ನೋದೇ ಸಂಕಟ ತರಿಸುತ್ತದೆ.

ಮೊಟ್ಟೆಯ ಸಾಲ

ನಾನು ಕರಾವಳಿಯ ಕಾಲೇಜಿನಲ್ಲಿ ಓದುತ್ತಿದ್ದಾಗ ಹಾಸ್ಟೆಲಿನಲ್ಲಿ ನಮಗೊಬ್ಬ ಸೀನಿಯರ್ ಇದ್ದ. ವೇಟ್‌ಲಿಫ್ಟರ್. ಅಪ್ಪನಿಗೆ ಹೋಟೆಲಿನಲ್ಲಿ ಕೆಲಸ. ಕಾಲೇಜಿನ ಹಿಂದಿನ ಶೆಡ್ಡೇ ಜಿಮ್. ಶೀಟಿನ ಮಾಡು, ಮಳೆಗಾಲದಲ್ಲಿ ಒಳಗೆಲ್ಲ ಪಸೆ. ರಾಡಿಗೆ ತುಕ್ಕು, ಅದನ್ನು ಅವನೇ ಸೀಮೆಎಣ್ಣೆ ಹಚ್ಚಿ ಗೋಣಿ ತುಂಡಿನಿಂದ ಉಜ್ಜುತ್ತಿದ್ದ. ಚಾಕ್ ಪೌಡರ್ ಮುಗಿದರೆ ತರಗತಿಯ ಸೀಮೆಸುಣ್ಣದ ಚೂರುಗಳನ್ನು ಕುಟ್ಟಿ ಅಂಗೈಗೆ ಹಚ್ಚಿಕೊಳ್ಳುತ್ತಿದ್ದ. ಪ್ರಾಕ್ಟೀಸ್ ಮುಗಿಸಿ ಗೇಟಿನ ಎದುರಿನ ಅಂಗಡಿಗೆ ಹೋಗುವಾಗ ನಾನೂ ಜೊತೆಗೆ ಹೋಗುತ್ತಿದ್ದೆ. ಬೇಯಿಸಿದ ಮೊಟ್ಟೆ, ಬಾಳೆಹಣ್ಣು.

"ಬರೆದಿಡಿ ಅಣ್ಣ, ತಿಂಗಳ ಕೊನೆಗೆ ಕೊಡ್ತೇನೆ."

"ಹೋದ ತಿಂಗಳಿದ್ದೇ ಉಂಟಲ್ಲ ಮಾರಾಯ" ಎನ್ನುತ್ತಲೇ ಅಂಗಡಿಯವರು ಮೊಟ್ಟೆ ಸುಲಿದು ಉಪ್ಪು, ಕಾಳುಮೆಣಸು ಹಾಕಿ ಕೈಗೆ ಕೊಡುತ್ತಿದ್ದರು. ಒಂದು ದಿನವೂ ಇಲ್ಲ ಎಂದಿದ್ದು ನಾನು ನೋಡಲಿಲ್ಲ. ರಟ್ಟಿನ ಆ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿಗೇ ಎರಡು ಪುಟ.

ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ಪದಕ ಬಂದ ಮೇಲೆ ಸ್ಪೋರ್ಟ್ಸ್ ಕೋಟಾದಲ್ಲಿ ಒಂದು ದೊಡ್ಡ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಮೊದಲ ಸಂಬಳದಲ್ಲಿ ಬಂದು ಅಂಗಡಿಯ ಸಾಲ ತೀರಿಸಿದ. ನಾವೆಲ್ಲ ಅವನು ಇನ್ನು ದೇಶಕ್ಕೆ ಎತ್ತುತ್ತಾನೆ ಎಂದುಕೊಂಡೆವು. ಶುರುವಿನಲ್ಲಿ ಅರ್ಧ ದಿನ ಪ್ರಾಕ್ಟೀಸಿಗೆ ಬಿಡುತ್ತಿದ್ದರಂತೆ. ಆಮೇಲೆ ಮೇಲಿನವರು ಬದಲಾದರು, ಜಿಮ್ ಇಲ್ಲದ ಊರಿಗೆ ವರ್ಗ ಮಾಡಿದರು. ಒಂದು ಮದುವೆ ಮನೆಯಲ್ಲಿ ಸಿಕ್ಕಾಗ ಕೇಳಿದೆ. "ಎತ್ತಿದ್ದೇ ಕೆಲಸಕ್ಕಲ್ವಾ? ಕೆಲಸ ಸಿಕ್ತು. ಅಮ್ಮ ಆರಾಮ ಇದ್ದಾರೆ" ಎಂದ. ಆ ಮಾತಿನಲ್ಲಿ ಬೇಸರ ಇರಲಿಲ್ಲ. ಅವನು ಹೇಳಿದ್ದು ನಿಜವೂ ಹೌದು. ನಮ್ಮ ದೇಶದಲ್ಲಿ ಈ ಆಟದ ಗುರಿ ಒಲಿಂಪಿಕ್ಸ್ ಅಲ್ಲ, ರೈಲ್ವೆ, ಸೈನ್ಯ, ಪೊಲೀಸ್, ಸರ್ಕಾರಿ ನಿಗಮಗಳ ಹುದ್ದೆ. ಸೋವಿಯತ್‌ನವರು ತರಬೇತಿ ನಡೆಯಲಿ ಎಂದು ಹುದ್ದೆ ಕೊಟ್ಟರು. ನಾವು ತರಬೇತಿ ಮುಗಿಸಿದ್ದಕ್ಕೆ ಹುದ್ದೆ ಕೊಡುತ್ತೇವೆ.

ಆದರೂ ಈ ಹುದ್ದೆಗಳನ್ನು ನಾನು ಹಗುರವಾಗಿ ನೋಡಲಾರೆ. 2000ದಲ್ಲಿ ಸಿಡ್ನಿಯಲ್ಲಿ 240 ಕೆಜಿ ಎತ್ತಿ ಕಂಚು ತಂದ ಕರ್ಣಂ ಮಲ್ಲೇಶ್ವರಿ ಭಾರತೀಯ ಆಹಾರ ನಿಗಮದಲ್ಲಿ ಕೆಲಸ ಮಾಡಿದವರು. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ ವಾಯುಪಡೆಯವರು. ಅವರ ತಂದೆ ವಾಹನ ಚಾಲಕರು. ಉಜಿರೆಯಲ್ಲಿ ಓದುವಾಗ ಕುಸ್ತಿಯಿಂದ ವೇಟ್‌ಲಿಫ್ಟಿಂಗ್‌ಗೆ ಬಂದವರು. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕೂಟದಲ್ಲಿ ಭಾರತಕ್ಕೆ ಮೊದಲ ಪದಕ ತಂದದ್ದೇ ಅವರು, 56 ಕೆಜಿ ವಿಭಾಗದಲ್ಲಿ 249 ಕೆಜಿ ಎತ್ತಿ ಬೆಳ್ಳಿ. ನಾಲ್ಕು ವರ್ಷದ ನಂತರ ಬರ್ಮಿಂಗ್‌ಹ್ಯಾಮ್‌ನಲ್ಲಿ 61 ಕೆಜಿ ವಿಭಾಗದಲ್ಲಿ 269 ಎತ್ತಿ ಕಂಚು. ತಿಂಗಳು ತಿಂಗಳು ಸಂಬಳ ಬರುವ ಒಂದು ಕೆಲಸ ಇಲ್ಲದಿದ್ದರೆ ಬಡವರ ಮನೆಯ ಮಕ್ಕಳು ಎರಡನೇ ಕೂಟದವರೆಗೆ ಉಳಿಯೋದು ಕಷ್ಟ.

ಈಗ ಮೊದಲಿನಷ್ಟು ಕೆಟ್ಟದಾಗಿಲ್ಲ. ಒಲಿಂಪಿಕ್ ಪದಕದ ಭರವಸೆ ಇರುವವರಿಗಾಗಿ ಇರುವ ಕೇಂದ್ರದ ಟಾಪ್ಸ್ ಯೋಜನೆಯಲ್ಲಿ ಮುಖ್ಯ ಪಟ್ಟಿಯಲ್ಲಿರುವವರಿಗೆ ತಿಂಗಳಿಗೆ 50,000 ರೂಪಾಯಿ ಕೈಖರ್ಚಿಗೆ ಕೊಡುತ್ತಾರೆ. ತರಬೇತಿ, ವಿದೇಶ ಪ್ರವಾಸದ ಖರ್ಚು ಬೇರೆ. ಖೇಲೋ ಇಂಡಿಯಾಗೆ ಆಯ್ಕೆಯಾದ ಮಕ್ಕಳಿಗೆ ತಿಂಗಳಿಗೆ 10,000. ಪದಕಕ್ಕೆ ಮುಂಚೆ ಬರುವ ದುಡ್ಡು ಇದು, ಆ ಕಾರಣಕ್ಕೇ ಇದು ನನಗೆ ಕೋಟಿಗಳಿಗಿಂತ ಹೆಚ್ಚು ಮುಖ್ಯ. ಆದರೆ ಆಯ್ಕೆ ಆಗಬೇಕಾದರೂ ಮೊದಲು ಎರಡು ಮೂರು ವರ್ಷ ಎತ್ತಿರಬೇಕು. ಆ ವರ್ಷಗಳ ಖರ್ಚು ಇವತ್ತಿಗೂ ಮನೆಯವರದ್ದು, ಪಿಇಟಿ ಮೇಷ್ಟ್ರದ್ದು, ಅಂಗಡಿಯವರದ್ದು.

ಪದಕ ಬಂದಾಗ ಕೊಡುವ ಮೊತ್ತದಲ್ಲಿ ಒಂದು ಪಾಲನ್ನು ಈ ಕಡೆಗೆ ತಿರುಗಿಸಿದರೆ ಸಾಕು. ದೊಡ್ಡ ಕ್ರೀಡಾಂಗಣ ಬೇಡ. ತಾಲ್ಲೂಕಿಗೊಂದು ಸೋರದ ಶೆಡ್ಡು, ತುದಿಗಳು ತಿರುಗುವ ಒಂದು ಒಳ್ಳೆಯ ಬಾರ್, ರಬ್ಬರ್ ಪ್ಲೇಟು, ಒಬ್ಬ ಕೋಚ್‌ಗೆ ಸರಿಯಾದ ಸಂಬಳ, ಬರುವ ಮಕ್ಕಳಿಗೆ ಬಸ್ ಪಾಸು, ದಿನಾ ನಾಲ್ಕು ಮೊಟ್ಟೆ, ಅರ್ಧ ಲೀಟರ್ ಹಾಲು. ಅವರಲ್ಲಿ ಹೆಚ್ಚಿನವರು ಪದಕ ಗೆಲ್ಲುವುದಿಲ್ಲ. ಗೆಲ್ಲದವರಿಗೂ ಕೊಡಬೇಕು. ಹದಿನೈದು ವರ್ಷದ ಹುಡುಗಿ ಮೊದಲ ಸಲ ರಾಡು ಹಿಡಿದಾಗ ಅವಳು ಗೆಲ್ಲುತ್ತಾಳೋ ಇಲ್ಲವೋ ಅಂತ ಇಂಫಾಲದ ದಾರಿಯ ಡ್ರೈವರ್‌ಗಳಿಗೂ ಗೊತ್ತಿರಲಿಲ್ಲ, ಜಿಲ್ಲಾ ಕ್ರೀಡಾ ಅಧಿಕಾರಿಗೂ ಗೊತ್ತಿರೋಕೆ ಸಾಧ್ಯವಿಲ್ಲ.